ಮನೇಲೇ ಕೂದ್ಲಿಗೆ ನೀಲಿ, ಕೆಂಪು, ಗುಲಾಬಿ ಹಚ್ಕೊಳ್ಳೋದು ಹೆಂಗೆ: ಪಾಚಿ ಬಣ್ಣ ಮಾಡ್ಕೊಂಡ ಮೇಲೆ ಕಲ್ತಿದ್ದು

ಮೊದ್ಲೇ ಹೇಳ್ಬಿಡ್ತೀನಿ, ನಾನು ಪಾರ್ಲರ್‌ನವಳಲ್ಲ. ದಾವಣಗೆರೆ ವಿದ್ಯಾನಗರದ ನಮ್ಮನೆ ಬಚ್ಚಲಲ್ಲಿ ಮೂರು ಸಲ ಬಣ್ಣ ಹಚ್ಕೊಂಡಿದೀನಿ ಅಷ್ಟೇ. ಮೊದಲ್ನೇ ಸಲ ನವಿಲು ನೀಲಿ ಬೇಕು ಅಂತ ಕೂತವ್ಳು ತಲೆ ತೊಳ್ಕೊಂಡು ಎದ್ದಾಗ ಹಸಿರು, ಅಮ್ಮ ಬಾಗ್ಲಲ್ಲೇ ನಿಂತು "ಏನೇ ಇದು, ಕುಂದವಾಡ ಕೆರೇಲಿ ಮುಳುಗಿ ಎದ್ದು ಬಂದಂಗೆ ಐತಲ್ಲೇ" ಅಂದ್ಳು. ತಪ್ಪು ಆ ನೀಲಿ ಬಣ್ಣದ್ದಲ್ಲ, ಅದ್ರ ಕೆಳಗೆ ಕೂದ್ಲಲ್ಲಿ ಉಳ್ಕೊಂಡಿದ್ದ ಹಳದೀದು. ಹಳದಿ ಮೇಲೆ ನೀಲಿ ಬಿದ್ರೆ ಹಸಿರು, ಇದು ಒಂದನೇ ಕ್ಲಾಸಿನ ಡ್ರಾಯಿಂಗ್ ಪಾಠ, ನಂಗೆ ಮಾತ್ರ ಅವತ್ತು ನೆನಪಾಗ್ಲಿಲ್ಲ.

ವಿಷ್ಯ ಏನಪ್ಪಾ ಅಂದ್ರೆ ನಮ್ಮ ಕೂದ್ಲು ಕಡುಕಪ್ಪು. ಪ್ಯಾಕೆಟ್ ಮೇಲಿನ ಹುಡುಗಿ ನೋಡಿ ಬಣ್ಣ ತಂದು ನೇರ ಹಚ್ಚಿದ್ರೆ ಬಿಸ್ಲಲ್ಲಿ ನಿಂತಾಗ ಒಂಚೂರು ಕೆಂಪು ಹೊಡೀತೈತೆ, ಅಷ್ಟೇ. ಎದ್ದು ಕಾಣ್ಬೇಕು ಅಂದ್ರೆ ಮೊದ್ಲು ಬ್ಲೀಚ್ ಮಾಡಿ ಕಪ್ಪು ತೆಗೀಲೇಬೇಕು. ಬ್ಲೀಚ್ ಕೆಲ್ಸ ಮಾಡ್ತಾ ಹೋದಂಗೆ ಕೂದ್ಲು ಕಾಫಿಪುಡಿ ಬಣ್ಣಕ್ಕೆ ಬರ್ತೈತೆ, ಆಮೇಲೆ ಇಟ್ಟಿಗೆ, ಆಮೇಲೆ ಜಿಲೇಬಿ, ಆಮೇಲೆ ಅರಿಶಿನ, ಕೊನೇಗೆ ಬೆಣ್ಣೆ. ಕೆಂಪು, ಬರ್ಗಂಡಿ, ತಾಮ್ರದ ಬಣ್ಣಕ್ಕೆ ಇಟ್ಟಿಗೆ ಇಲ್ಲಾ ಜಿಲೇಬಿಗೆ ನಿಲ್ಸಿದ್ರೂ ನಡೀತೈತೆ, ಗಿಳಿ ಹಸಿರಿಗೆ ಅರಿಶಿನ ಸಾಕು, ಆದ್ರೆ ನೀಲಿ, ತಿಳಿ ನೇರಳೆ, ತಿಳಿ ಗುಲಾಬಿ ಬೇಕು ಅಂದ್ರೆ ಬೆಣ್ಣೆ ಬಣ್ಣದ ತನಕ ಹೋಗ್ಬೇಕು, ಅಲ್ಲೀತನಕ ಹೋಗೋದು ಒಂದೇ ಸಲಕ್ಕೆ ಆಗೋ ಮಾತಲ್ಲ, ಹಟ ಮಾಡಿದ್ರೆ ಕೂದ್ಲು ಕೈಗೇ ಬರ್ತೈತೆ. ಅದಕ್ಕೇ ಮೊದಲ್ನೇ ಸಲ ಮಾಡೋರು ಕೆಂಪೇ ತಗೊಳ್ರಿ. ಅದೂ ತಲೆತುಂಬ ಬೇಡ, ಕತ್ತಿನ ಹಿಂದಿನ ಒಳಗಿನ ಲೇಯರ್ ಮಾತ್ರ. ಜಡೆ ಬಿಟ್ರೆ ಕಾಣ್ತೈತೆ, ತುರುಬು ಕಟ್ಟೋದ್ರಲ್ಲೂ ಒಂದು ಜಾಣತನ ಐತೆ, ಮೇಲಿನ ಕಪ್ಪು ಕೂದ್ಲು ಸುತ್ತಿ ಮುಚ್ಚಿದ್ರೆ ಅಜ್ಜಿ ಕಣ್ಣಿಗೆ ಬೀಳಲ್ಲ.

ಮೆಹಂದಿ ಹಚ್ತಾ ಇದ್ರೆ ಇಲ್ಲಿ ನಿಲ್ರಿ. ಬರೀ ಗೋರಂಟಿ ಸೊಪ್ಪು ಅರೆದು ಹಚ್ಚಿದ್ರೆ ಅದು ಕೂದ್ಲಿಗೆ ಕಚ್ಕೊಂಡು ಬ್ಲೀಚ್‌ಗೂ ಜಗ್ಗದೆ ಕಿತ್ತಳೆಯಾಗೇ ಉಳೀತೈತೆ, ಅದು ಪರ್ವಾಗಿಲ್ಲ. ಅಂಗಡೀಲಿ ಸಿಗೋ ಕಪ್ಪು ಮೆಹಂದಿ ಪುಡಿ ಇರ್ತೈತಲ್ಲ, ಅದ್ರಲ್ಲಿ ಕೆಲವಕ್ಕೆ ಲೋಹದ ಲವಣ ಸೇರಿರ್ತೈತೆ, ಅದ್ರ ಮೇಲೆ ಬ್ಲೀಚ್ ಬಿದ್ರೆ ಕಾವು ಹುಟ್ಟಿ ಕೂದ್ಲು ಸುಟ್ಟೋಗ್ಬಹುದು. ಅನುಮಾನ ಇದ್ರೆ ಬಾಚಣಿಗೇಲಿ ಬಂದಿರೋ ಕೂದ್ಲು ಒಂದು ಚಿಟಿಕೆ ತಗೊಂಡು ಗಾಜಿನ ಬಟ್ಲಲ್ಲಿ ಕಲ್ಸಿರೋ ಬ್ಲೀಚ್‌ಗೆ ಹಾಕ್ರಿ. ಬಟ್ಲು ಬಿಸಿಯಾದ್ರೆ, ಹೊಗೆ ಆಡಿದ್ರೆ, ಕೂದ್ಲು ಅಂಟಂಟಾದ್ರೆ ಆಸೆ ಬಿಟ್ಬಿಡ್ರಿ, ಆ ಕೂದ್ಲು ಬೆಳ್ದು ಕತ್ತರಿಸಿ ಹೋಗೋತನಕ. ಏನೂ ಆಗ್ದಿದ್ರೆ ಅದೇ ಪರೀಕ್ಷೇಲಿ ಎಷ್ಟು ನಿಮಿಷಕ್ಕೆ ಯಾವ ಬಣ್ಣಕ್ಕೆ ಬಂತು ಅನ್ನೋದೂ ಗೊತ್ತಾಗ್ತೈತೆ.

ಅಂಗಡೀಲಿ ಬರೀ "ಬ್ಲೀಚ್ ಕೊಡಿ" ಅನ್ಬೇಡ್ರಿ, ಮುಖಕ್ಕೆ ಹಚ್ಚೋ ಕ್ರೀಮ್ ಕೊಡ್ತಾರೆ. ಬ್ಲೀಚಿಂಗ್ ಪೌಡರ್ ಅಂದ್ರೆ ನೀರಿನ ಟ್ಯಾಂಕಿಗೆ ಹಾಕೋದು ಬರ್ತೈತೆ, ಅದನ್ನ ತಲೆ ಹತ್ರಾನೂ ತರ್ಬೇಡ್ರಿ. ಪಾರ್ಲರ್ ಸಾಮಾನು ಮಾರೋ ಕಡೆ ಹೋಗಿ ಹೇರ್ ಬ್ಲೀಚ್ ಪೌಡರ್, ಜೊತೆಗೆ 20 ವಾಲ್ಯೂಮ್ ಡೆವಲಪರ್ (ಆ ಪೌಡರ್‌ಗೆ ಕಲ್ಸೋ ಪೆರಾಕ್ಸೈಡ್) ಅಂತ ಬಾಯ್ಬಿಟ್ಟು ಕೇಳ್ರಿ. 20 ಅಂದ್ರೆ ಶೇ. 6 ಪೆರಾಕ್ಸೈಡ್, 30ಕ್ಕೆ ಶೇ. 9, 40ಕ್ಕೆ ಶೇ. 12. ಅಂಗಡಿಯವ್ರು "40 ತಗೊಳ್ರಿ ಬೇಗ ಆಗ್ತೈತೆ" ಅಂದ್ರೂ ಮನೇಲಿ ಮಾಡೋರಿಗೆ 20 ದಾಟೋದು ಬೇಡ, ನಿಧಾನಕ್ಕೆ ಆದ್ರೂ ತಲೆಬುರುಡೆ ಉಳೀತೈತೆ. ಬಣ್ಣ ಮಾತ್ರ ಸೆಮಿ ಪರ್ಮನೆಂಟ್, ಅಂದ್ರೆ ತೊಳೀತಾ ತೊಳೀತಾ ಇಳಿದು ಹೋಗೋದು, ಕಂಡೀಷನರ್ ಥರ ಇರೋದು, ಅದಕ್ಕೆ ಡೆವಲಪರ್ ಬೇಕಾಗಿಲ್ಲ. ಎಲ್ಲಾನೂ ಎರಡು ದಿನ ಮುಂಚೆ ಕಿವಿ ಹಿಂದೆ ಒಂದ್ ಚುಕ್ಕೆ ಹಚ್ಚಿ 48 ಗಂಟೆ ನೋಡ್ರಿ, ತುರಿಕೆ ಬಂದ್ರೆ, ಊದ್ಕೊಂಡ್ರೆ ಅಲ್ಲಿಗೇ ಮುಗೀತು.

ಮಾಡೋ ದಿನ ತಲೆಗೆ ಸ್ನಾನ ಬೇಡ, ಜಿಡ್ಡು ಇದ್ರೆ ಬುರುಡೆಗೆ ಒಳ್ಳೇದು. ಬೋರ್ ನೀರಲ್ಲೇ ತಲೆ ತೊಳ್ಕೊಳ್ಳೋರು ಮಾತ್ರ ಎರಡು ದಿನ ಮುಂಚೆ ಕ್ಲಾರಿಫೈಯಿಂಗ್ ಶಾಂಪೂ (ಕೂದ್ಲಿಗೆ ಕೂತಿರೋದನ್ನೆಲ್ಲ ಚೆನ್ನಾಗಿ ತೊಳ್ದು ತೆಗೆಯೋದು) ಹಾಕಿ, ನಲ್ಲಿ ನೀರು ಬಿಟ್ಟ ದಿನ ಹಿಡಿದಿಟ್ಟ ನೀರಲ್ಲಿ ತೊಳೀರಿ, ಗಡಸು ನೀರಿನ ಉಪ್ಪು ಕೂದ್ಲಿಗೆ ಕೂತಿದ್ರೆ ಬ್ಲೀಚ್ ಸಮ ಹಿಡಿಯಲ್ಲ.

ಹಳೇ ನೈಟಿ ಹಾಕ್ಕೊಳ್ರಿ, ಕಿವಿ, ಹಣೆ ಅಂಚು, ಕತ್ತಿಗೆ ವ್ಯಾಸಲೀನ್, ಕೈಗೆ ಗ್ಲೌಸ್, ಕಿಟಕಿ ತೆಗ್ದಿರ್ಲಿ, ಘಾಟು ಐತೆ. ಪ್ಲಾಸ್ಟಿಕ್ ಬಟ್ಲಲ್ಲಿ ಪೌಡರ್ ಒಂದು ಪಾಲು, ಡೆವಲಪರ್ ಎರಡು ಪಾಲು, ಪ್ಯಾಕೆಟ್ ಬೇರೆ ಲೆಕ್ಕ ಹೇಳಿದ್ರೆ ಅದೇ ಸರಿ. ಒಳಗಿನ ಲೇಯರ್‌ಗೆ 30 ಗ್ರಾಂ ಪೌಡರ್‌ಗೆ 60 ಎಂಎಲ್ ನಂಗೆ ಸಾಕಾಯ್ತು. ಅಮ್ಮನ ಸ್ಟೀಲ್ ಬಟ್ಲು ಮುಟ್ಬೇಡ್ರಿ, ಲೋಹ ಬೇಡ, ಅಮ್ಮನ ಬಾಯಿಗೂ ಬೀಳೋದು ಬೇಡ. ದೋಸೆ ಹಿಟ್ಟಿಗಿಂತ ಗಟ್ಟಿ, ಇಳಿದು ಸುರಿಯಬಾರ್ದು.

ಸಣ್ಣ ಸಣ್ಣ ಎಳೆ ತಗೊಂಡು ಬುಡದಿಂದ ಒಂದಿಂಚು ಬಿಟ್ಟು ತುದೀತನಕ ಹಚ್ರಿ, ಬುಡ ಕೊನೇಗೆ. ತಲೆ ಕಾವಿಗೆ ಬುಡದ ಕೂದ್ಲು ಬೇಗ ಬಣ್ಣ ಬಿಡ್ತೈತೆ, ಮೊದ್ಲೇ ಹಚ್ಚಿದ್ರೆ ಬುಡ ಅರಿಶಿನ, ತುದಿ ಇಟ್ಟಿಗೆ ಆಗಿ ಕೂರ್ತೈತೆ. ಕವರ್ ಮುಚ್ರಿ, ಫ್ಯಾನ್ ಕೆಳಗೆ ಕೂರ್ಬೇಡ್ರಿ, ಬ್ಲೀಚ್ ಒಣಗಿದ್ರೆ ಕೆಲ್ಸ ನಿಲ್ತೈತೆ. ಏಪ್ರಿಲ್‌ನಲ್ಲಿ ನಮ್ಮೂರಲ್ಲಿ ಫ್ಯಾನ್ ಇಲ್ದೆ ಕೂರೋದು ಶಿಕ್ಷೆನೇ, ಅದಕ್ಕೇ ಬೆಳಿಗ್ಗೆನೇ ಮಾಡ್ರಿ. ಹತ್ತು ನಿಮಿಷಕ್ಕೊಂದು ಸಲ ಒಂದೆಳೆ ಒರೆಸಿ ನೋಡ್ರಿ. ಪ್ಯಾಕೆಟ್‌ನಲ್ಲಿರೋ ಟೈಮ್ ದಾಟೋ ಹಂಗಿಲ್ಲ, ಬಣ್ಣ ಬಂದಿಲ್ಲ ಅಂತ ಇನ್ನರ್ಧ ಗಂಟೆ ಎಳೆಯೋದೂ ಬೇಡ, ಎರಡು ಮೂರು ವಾರ ಬಿಟ್ಟು ಇನ್ನೊಂದು ಸಲ ಮಾಡಿದ್ರಾಯ್ತು. ಕಚಗುಳಿ ಥರ ಚುರುಗುಟ್ಟಿದ್ರೆ ತಡ್ಕೊಳ್ಳಿ, ಉರಿ ಹತ್ತಿದ್ರೆ ಆ ಕ್ಷಣವೇ ನಲ್ಲಿ ಕೆಳಗೆ. ಉಳ್ದಿದ್ದ ಮಿಶ್ರಣ ಡಬ್ಬಿಗೆ ಮುಚ್ಚಿಡ್ಬೇಡ್ರಿ, ಗ್ಯಾಸ್ ತುಂಬಿ ಮುಚ್ಚಳ ಹಾರ್ತೈತೆ.

ತಣ್ಣೀರಲ್ಲಿ ಚೆನ್ನಾಗಿ ತೊಳ್ದು, ಕಮ್ಮಿ ಶಾಂಪೂ ಹಾಕಿ, ಪೂರ್ತಿ ಒಣಗಿಸಿ ಆಮೇಲೆ ಬಣ್ಣ. ಇಲ್ಲಿ ಕಂಜೂಸಿ ಬೇಡ, ತೊಟ್ಟಿಕ್ಕೋ ಹಂಗೆ ಬಳೀರಿ, 45 ನಿಮಿಷ ಬಿಡ್ರಿ, ಅಷ್ಟೊತ್ತಿಗೆ ಒಂದು ಪ್ಲೇಟ್ ಮಿರ್ಚಿ ಮಂಡಕ್ಕಿ ಆಗ್ತೈತೆ, ಗ್ಲೌಸ್ ಬಿಚ್ಚಿ ತಿನ್ರಿ ಮತ್ತೆ. ಶಾಂಪೂ ಇಲ್ದೆ ಬರೀ ತಣ್ಣೀರು, ಕಂಡೀಷನರ್. ಬಚ್ಚಲ ಕಲ್ಲಿಗೆ ಕೂಡ್ಲೇ ನೀರು ಹುಯ್ಯಿರಿ, ಒಣಗಿದ್ರೆ ಕಲೆ ಹೋಗಲ್ಲ.

ಆಮೇಲೆ ವಾರಕ್ಕೆರಡೇ ಸಲ ತಲೆಸ್ನಾನ, ಬಿಸಿ ನೀರು ಬೇಡ, ಸಲ್ಫೇಟ್ ಇಲ್ದಿರೋ ಶಾಂಪೂ. ಗಾಡಿ ಓಡ್ಸೋವಾಗ ವೇಲ್ ಸುತ್ಕೊಳ್ರಿ, ಬಿಸ್ಲಿಗೆ ಬಣ್ಣ ಬೇಗ ಇಳೀತೈತೆ. ಮೊದಲ್ನೇ ವಾರ ದಿಂಬಿಗೆ ಹಳೇ ಟವೆಲ್, ಎಣ್ಣೆ ಹಚ್ಚಿದ್ರೂ ಬಣ್ಣ ಬಿಡ್ತೈತೆ. ಉಳ್ದಿರೋ ಬಣ್ಣ ಒಂದೆರಡು ಚಮಚ ಕಂಡೀಷನರ್‌ಗೆ ಕಲ್ಸಿಟ್ಕೊಂಡು ಎರಡು ವಾರಕ್ಕೊಂದು ಸಲ ಹಚ್ತಾ ಇದ್ರೆ ಹೊಸದಾಗೇ ಇರ್ತೈತೆ. ಬುಡ ಕಪ್ಪಾಗಿ ಬಂದಾಗ ಬ್ಲೀಚ್ ಹೊಸ ಕೂದ್ಲಿಗೆ ಮಾತ್ರ, ಹಳೇದರ ಮೇಲೆ ಮತ್ತೆ ಬಳಿದ್ರೆ ಅಲ್ಲೇ ತುಂಡಾಗ್ತೈತೆ.