ಸ್ಟೀಲ್ ಲೋಟದಿಂದ ಮೋಡದ ಎತ್ತರ ಅಳೆಯೋದು ಹೇಗೆ

ಕಾಫಿ ಬೆಳೆಯುವ ಮನೆಗಳಲ್ಲಿ ಮಳೆ ಲೆಕ್ಕದ ಪುಸ್ತಕ ಇದ್ದೇ ಇರುತ್ತದೆ. ನಮ್ಮ ಮನೆಯ ಪುಸ್ತಕವನ್ನು ಮೊದಲು ಮಾವ ಬರೆಯುತ್ತಿದ್ದರು, ಈಗ ನಾನು ಬರೆಯುತ್ತೇನೆ. ಬೆಳಿಗ್ಗೆ ಎದ್ದು ಮಳೆಮಾಪಕ ನೋಡಿ ಇಷ್ಟು ಇಂಚು, ಇಷ್ಟು ಸೆಂಟು (ಇಂಚಿನ ನೂರನೇ ಒಂದು ಪಾಲು) ಅಂತ ಗುರುತು ಹಾಕುವುದು. ಅದು ಬಿದ್ದ ನೀರಿನ ಲೆಕ್ಕ. ಬೀಳುವುದಕ್ಕೆ ಮೊದಲು ಆ ನೀರು ಗಾಳಿಯಲ್ಲೇ ಇತ್ತಲ್ವಾ? ಅದನ್ನೂ ಬರೆಯಬೇಕು ಅನ್ನಿಸಿ ನಾಲ್ಕು ವರ್ಷದ ಹಿಂದೆ ಪುಸ್ತಕದಲ್ಲಿ ಇನ್ನೊಂದು ಗೆರೆ ಎಳೆದೆ. ಆ ಲೆಕ್ಕ ಹಿಡಿಯುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ.

ನಮ್ಮ ಮನೆ ಬಾಬಾಬುಡನ್‌ಗಿರಿ ಸಾಲಿನ ಬುಡದಲ್ಲಿದೆ. ಕಾಫಿ ಒಣಗಿಸುವ ಕಣದಲ್ಲಿ ನಿಂತರೆ ಮುಳ್ಳಯ್ಯನಗಿರಿ ನೇರವಾಗಿ ಕಾಣುತ್ತದೆ. ಕಣದ ಎತ್ತರ ಸಮುದ್ರ ಮಟ್ಟದಿಂದ ಸುಮಾರು 1,050 ಮೀಟರ್, ಬೆಟ್ಟದ ತುದಿ 1,930 ಮೀಟರ್. ಈ ಎರಡು ಅಂಕಿ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಶುರು ಮಾಡಿದ್ದು ಒಂದು ನಷ್ಟದಿಂದ. ಆ ವರ್ಷ ಪಾರ್ಚ್‌ಮೆಂಟ್ (ತಿರುಳು ತೆಗೆದು, ಒಳಸಿಪ್ಪೆ ಸಮೇತ ಒಣಗಿಸಿದ ಕಾಫಿ ಬೀಜ) ಇಡುವ ಗೋದಾಮಿಗೆ ಅಂಗೈ ಅಗಲದ ಒಂದು ಡಿಜಿಟಲ್ ತೇವಾಂಶ ಮೀಟರ್ ತಂದಿದ್ದೆ. ಅದು ಯಾವಾಗ ನೋಡಿದರೂ 60ರ ಆಸುಪಾಸು ತೋರಿಸುತ್ತಿತ್ತು. ಅದನ್ನೇ ನಂಬಿ ಚೀಲ ಕಟ್ಟಿ ಅಟ್ಟಿ ಹಾಕಿದೆವು. ಮೂರು ವಾರ ಬಿಟ್ಟು ಬಿಚ್ಚಿದರೆ ಮುಗ್ಗಲು ವಾಸನೆ. ಅತ್ತೆ ಒಂದೇ ಮಾತು ಹೇಳಿದರು: "ಅಡಿಗೆ ಮನೇಲಿ ಉಪ್ಪು ನೀರು ಬಿಡ್ತಾ ಇತ್ತು. ನಿನ್ನ ಮೀಟರ್ ಯಾಕೆ ಹೇಳ್ಲಿಲ್ಲ?"

ಅವರ ಮಾತಿನಲ್ಲಿ ಪೂರ್ತಿ ವಿಜ್ಞಾನ ಇತ್ತು ಅಂತ ಆಮೇಲೆ ಓದಿ ತಿಳಿದುಕೊಂಡೆ. ಗಾಳಿಯ ತೇವಾಂಶ ಶೇ. 75 ದಾಟಿದರೆ ಉಪ್ಪು ಗಾಳಿಯಿಂದ ನೀರು ಎಳೆದುಕೊಂಡು ಕರಗಲು ಶುರುವಾಗುತ್ತದೆ. ಅದಕ್ಕಿಂತ ಕಮ್ಮಿ ಇದ್ದರೆ ಮತ್ತೆ ಒಣಗುತ್ತದೆ. ಈ 75 ಎಲ್ಲ ಊರಿನಲ್ಲೂ ಹೆಚ್ಚುಕಮ್ಮಿ ಅದೇ. ಹಾಗಾಗಿ ಮೊದಲ ಕೆಲಸ, ನಿಮ್ಮ ಹತ್ತಿರ ಮೀಟರ್ ಇದ್ದರೆ ಅದನ್ನು ಉಪ್ಪಿನಿಂದ ಪರೀಕ್ಷೆ ಮಾಡಿ. ಬಾಟಲಿ ಮುಚ್ಚಳದ ತುಂಬ ಉಪ್ಪು ಹಾಕಿ. ಕೆಲವೇ ಹನಿ ನೀರು ಬಿಡಿ, ಒದ್ದೆ ಮರಳಿನ ಹಾಗೆ ಆಗಬೇಕು, ಕರಗಿಹೋಗಬಾರದು. ಆ ಮುಚ್ಚಳ ಮತ್ತು ಮೀಟರ್ ಎರಡನ್ನೂ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಬಿಗಿಯಾಗಿ ಮುಚ್ಚಿ. ರಾತ್ರಿಯಿಡೀ ಬಿಸಿಲು, ಒಲೆ ತಾಗದ ಕಡೆ ಇರಲಿ. ಬೆಳಿಗ್ಗೆ ಡಬ್ಬಿ ತೆರೆಯದೆ ನೋಡಿ. 75 ತೋರಿಸಬೇಕು. ನನ್ನದು 63 ತೋರಿಸಿತು. ಅಂದರೆ 12 ಕಮ್ಮಿ. ಅವತ್ತೇ ಅದರ ಬೆನ್ನಿಗೆ ಚೀಟಿ ಅಂಟಿಸಿ "12 ಕೂಡಿಸು" ಅಂತ ಬರೆದೆ.

ಮೀಟರ್ ಸರಿಯಿದ್ದರೂ ಶೇಕಡಾ ಲೆಕ್ಕ ಒಂದನ್ನೇ ನಂಬಬೇಡಿ. ಡಿಸೆಂಬರಿನ ಒಂದು ದಿನ ತೆಗೆದುಕೊಳ್ಳಿ. ಬೆಳಿಗ್ಗೆ 7ಕ್ಕೆ ಉಷ್ಣತೆ 18 ಡಿಗ್ರಿ, ತೇವಾಂಶ ಶೇ. 88. ಮಧ್ಯಾಹ್ನ 27 ಡಿಗ್ರಿ, ತೇವಾಂಶ ಶೇ. 51. ನೋಡಿದವರು ಗಾಳಿ ಒಣಗಿತು ಅಂತಾರೆ. ಆದರೆ ಗಾಳಿಯಲ್ಲಿರುವ ನೀರು ಎರಡೂ ಹೊತ್ತು ಅಷ್ಟೇ ಇರಬಹುದು. ಬಿಸಿ ಗಾಳಿಯಲ್ಲಿ ಜಾಸ್ತಿ ನೀರಾವಿ ಇರಬಲ್ಲದು. ಶೇಕಡಾ ಅಂದರೆ ಆ ಉಷ್ಣತೆಯಲ್ಲಿ ಇರಬಹುದಾದಷ್ಟರಲ್ಲಿ ಈಗ ಎಷ್ಟು ಪಾಲು ಇದೆ ಅನ್ನುವ ಲೆಕ್ಕ, ಅಷ್ಟೆ. ಉಷ್ಣತೆ ಬದಲಾದರೆ ಅದೂ ಬದಲಾಗುತ್ತದೆ.

ಮೋಡದ ವಿಷಯಕ್ಕೆ ಬೇಕಾದ ಅಂಕಿ ಇಬ್ಬನಿ ಬಿಂದು. ಗಾಳಿಯನ್ನು ತಣ್ಣಗೆ ಮಾಡುತ್ತಾ ಹೋದರೆ ಎಷ್ಟು ಡಿಗ್ರಿಗೆ ಅದರ ನೀರಾವಿ ಹನಿಯಾಗುತ್ತದೋ ಅದು. ಮೇಲೆ ಹೇಳಿದ ದಿನ ಬೆಳಿಗ್ಗೆಯೂ 16, ಮಧ್ಯಾಹ್ನವೂ 16. ಅದನ್ನು ಅಳೆಯಲು ಸ್ಟೀಲ್ ಲೋಟ ಸಾಕು.

ತೆಳುವಾದ, ಫಳಫಳ ಹೊಳೆಯುವ ಲೋಟ ಇರಲಿ. ಎರಡು ಪದರದ್ದು ಬೇಡ. ಸ್ಕೂಲ್ ಲ್ಯಾಬಿನಲ್ಲಿ ಇರುತ್ತದಲ್ಲ, ಅಂಥ ಗಾಜಿನ ಥರ್ಮಾಮೀಟರ್ ಎರಡು ಬೇಕು. ಜ್ವರ ನೋಡುವುದು ನಡೆಯುವುದಿಲ್ಲ. ಒಂದನ್ನು ನೆರಳಿನಲ್ಲಿ, ಗೋಡೆಗೆ ತಾಗದ ಹಾಗೆ, ಎದೆಯ ಮಟ್ಟದಲ್ಲಿ ತೂಗುಹಾಕಿ. ಅದು ಗಾಳಿಯ ಉಷ್ಣತೆ. ಲೋಟಕ್ಕೆ ಅರ್ಧದಷ್ಟು ಸಾದಾ ನೀರು ಹಾಕಿ, ಹೊರಮೈ ಚೆನ್ನಾಗಿ ಒರೆಸಿ, ಇನ್ನೊಂದು ಥರ್ಮಾಮೀಟರ್ ಅದರೊಳಗೆ ಇಳಿಸಿ. ಈಗ ಐಸ್ ಚೂರು ಒಂದೊಂದಾಗಿ ಹಾಕಿ ನಿಧಾನಕ್ಕೆ ಕಲಕಿ. ಒಂದು ಚೂರು ಪೂರ್ತಿ ಕರಗುವ ತನಕ ಇನ್ನೊಂದು ಹಾಕಬೇಡಿ. ಅವಸರ ಮಾಡಿದರೆ ಎರಡು ಮೂರು ಡಿಗ್ರಿ ತಪ್ಪುತ್ತದೆ. ಲೋಟದ ಮೇಲೆ ಉಸಿರು ಬೀಳದಿರಲಿ, ನಮ್ಮ ಉಸಿರೇ ಮಂಜು ಕಟ್ಟಿಸಿಬಿಡುತ್ತದೆ.

ಒಂದು ಹಂತಕ್ಕೆ ಹೊಳಪು ಮಾಸುತ್ತದೆ. ಬೆರಳಲ್ಲಿ ಗೀರಿ ನೋಡಿ, ಗೆರೆ ಮೂಡಿದರೆ ಲೋಟ ಬೆವರಿದೆ. ಆಗ ನೀರಿನ ಉಷ್ಣತೆ ಬರೆದುಕೊಳ್ಳಿ. ಐಸ್ ಹಾಕುವುದು ನಿಲ್ಲಿಸಿ ಕಲಕುತ್ತಾ ಇರಿ. ಸ್ವಲ್ಪ ಹೊತ್ತಿಗೆ ಮಂಜು ಮಾಯವಾಗುತ್ತದೆ, ಅದನ್ನೂ ಬರೆದುಕೊಳ್ಳಿ. ಎರಡರ ನಡುವಿನ ಅಂಕಿ ನಿಮ್ಮ ಇಬ್ಬನಿ ಬಿಂದು. ಮಳೆಗಾಲದಲ್ಲಿ ನಲ್ಲಿ ನೀರಿಗೇ ಲೋಟ ಬೆವರಬಹುದು, ಆಗ ಸ್ವಲ್ಪ ಬೆಚ್ಚನೆ ನೀರಿನಿಂದ ಶುರು ಮಾಡಿ. ನನ್ನ ಮಗಳು ಎಂಟನೇ ಕ್ಲಾಸು, ಈಗ ನನಗಿಂತ ಮೊದಲು ಅವಳ ಕಣ್ಣಿಗೆ ಆ ಮಾಸಲು ಬೀಳುತ್ತದೆ.

ಇದನ್ನು ತಾಳೆ ನೋಡಲು ಇನ್ನೊಂದು ದಾರಿ ಇದೆ. ಮಣ್ಣಿನ ಹೂಜಿಯ ನೀರು ಬೇಸಿಗೆಯಲ್ಲಿ ತಣ್ಣಗಿರುತ್ತದೆ, ಮಳೆಗಾಲದಲ್ಲಿ ಅಷ್ಟು ತಣ್ಣಗಾಗುವುದಿಲ್ಲ ಅಲ್ವಾ? ಗಾಳಿ ಒಣಗಿದ್ದಷ್ಟೂ ನೀರು ಬೇಗ ಆವಿಯಾಗಿ ಹೂಜಿಯ ಶಾಖ ತೆಗೆದುಕೊಂಡು ಹೋಗುತ್ತದೆ. ಥರ್ಮಾಮೀಟರಿನ ಬುಡಕ್ಕೆ ಹಳೇ ಬನಿಯನ್ನಿನ ಬಟ್ಟೆ ಸುತ್ತಿ, ಒದ್ದೆ ಮಾಡಿ, ಫ್ಯಾನ್ ಗಾಳಿಗೆ ಹಿಡಿದರೆ ಅದೂ ಹೂಜಿಯ ಹಾಗೆ ತಣ್ಣಗಾಗುತ್ತದೆ. ಇಳಿಯುವುದು ನಿಂತಾಗ ಓದಿ. ಹವಾಮಾನ ಕೇಂದ್ರಗಳ ಬಿಳಿ ಮರದ ಪೆಟ್ಟಿಗೆಯಲ್ಲಿ ಒಣ ಥರ್ಮಾಮೀಟರ್, ಒದ್ದೆ ಥರ್ಮಾಮೀಟರ್ ಅಂತ ಅಕ್ಕಪಕ್ಕ ಇರುವುದು ಇದೇ. ಈ ಉಪಕರಣಗಳ ಮಾತು ಬಂದಾಗ ನನಗೆ ಅನ್ನಾ ಮಣಿ ನೆನಪಾಗುತ್ತಾರೆ. 1918ರಲ್ಲಿ ಪೀರ್ಮೇಡಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ದುಡಿದು, ಮುಂದೆ ಪುಣೆಯಲ್ಲಿ ಹವಾಮಾನ ಉಪಕರಣಗಳು ನಮ್ಮ ದೇಶದಲ್ಲೇ ತಯಾರಾಗುವ ಹಾಗೆ ಮಾಡಿದವರು. ನನ್ನ ಮಗಳಿಗೆ ಅವರ ಕಥೆ ಹೇಳಿದ್ದೇನೆ.

ಲೆಕ್ಕ ಹೀಗೆ. ಗಾಳಿಯಲ್ಲಿ ಹಿಡಿಯುವಷ್ಟೂ ನೀರಾವಿ ತುಂಬಿದಾಗ ಆ ನೀರಾವಿಯ ಒತ್ತಡ 18 ಡಿಗ್ರಿಯಲ್ಲಿ 20.6 ಮಿಲಿಬಾರ್, 19ರಲ್ಲಿ 22, 20ರಲ್ಲಿ 23.4, 21ರಲ್ಲಿ 24.9, 25ರಲ್ಲಿ 31.7. ಕಳೆದ ಅಕ್ಟೋಬರಿನ ಒಂದು ಮಧ್ಯಾಹ್ನ ನನ್ನ ಒಣ ಥರ್ಮಾಮೀಟರ್ 25, ಒದ್ದೆಯದು 21 ತೋರಿಸಿತು. ವ್ಯತ್ಯಾಸ 4. ನಮ್ಮ ಎತ್ತರಕ್ಕೆ ಅದನ್ನು 0.6ರಿಂದ ಗುಣಿಸಬೇಕು (ಮಂಗಳೂರಿನಂಥ ಕಡಲೂರಿಗೆ 0.67). 2.4 ಬಂತು. ಒದ್ದೆ ಉಷ್ಣತೆಯ 24.9ರಿಂದ 2.4 ಕಳೆದರೆ 22.5. ಇಷ್ಟು ಒತ್ತಡದ ಆವಿ ಗಾಳಿಯಲ್ಲಿದೆ. 31.7ರಲ್ಲಿ ಅದು ಶೇ. 71. ಇನ್ನು 22.5 ಅಂದರೆ 19 ಮತ್ತು 20ರ ನಡುವೆ, ಹತ್ತಿರ ಹತ್ತಿರ 19.4 ಡಿಗ್ರಿ. ಅದೇ ಹೊತ್ತಿಗೆ ಲೋಟ ಬೆವರಿದ್ದು 19 ಮುಕ್ಕಾಲಿಗೆ, ಒಣಗಿದ್ದು 19ಕ್ಕೆ. ಎರಡು ಬೇರೆ ಬೇರೆ ದಾರಿ ಒಂದೇ ಕಡೆ ಬಂದು ಸೇರಿದಾಗ ಆದ ಖುಷಿ ಹೇಳತೀರದು. ಆ ಗಾಳಿ ಹನ್ನೆರಡಡಿ, ಹತ್ತಡಿ ಕೋಣೆಯಲ್ಲಿದ್ದರೆ ಅದರಲ್ಲಿ ಅರ್ಧ ಲೀಟರಿನಷ್ಟು ನೀರು ಕಣ್ಣಿಗೆ ಕಾಣದೆ ತೇಲುತ್ತಿರುತ್ತದೆ.

ಈಗ ಮೋಡ. ಬಿಸಿಲಿಗೆ ನೆಲ ಕಾದು ಗಾಳಿ ಮೇಲೇರುತ್ತದೆ. ಮೇಲೆ ಒತ್ತಡ ಕಮ್ಮಿ, ಹಾಗಾಗಿ ಗಾಳಿ ಹಿಗ್ಗುತ್ತದೆ. ಹಿಗ್ಗಿದ ಗಾಳಿ ತಣ್ಣಗಾಗುತ್ತದೆ, ಪ್ರತಿ 1,000 ಮೀಟರಿಗೆ ಹತ್ತಿರ ಹತ್ತಿರ 10 ಡಿಗ್ರಿ. ಒತ್ತಡ ಇಳಿದಂತೆ ಇಬ್ಬನಿ ಬಿಂದುವೂ ಇಳಿಯುತ್ತದೆ, ಆದರೆ 1,000 ಮೀಟರಿಗೆ 2 ಡಿಗ್ರಿಯಷ್ಟು ಮಾತ್ರ. ಅಂದರೆ 1,000 ಮೀಟರಿಗೆ 8 ಡಿಗ್ರಿ ಲೆಕ್ಕದಲ್ಲಿ ಇವೆರಡೂ ಹತ್ತಿರವಾಗುತ್ತವೆ. ಒಂದು ಡಿಗ್ರಿಗೆ 125 ಮೀಟರ್. ಎರಡೂ ಕೂಡುವ ಎತ್ತರದಲ್ಲಿ ಮೋಡದ ತಳ. ಹತ್ತಿ ರಾಶಿಯಂಥ ಮೋಡಗಳ ತಲೆ ಉಬ್ಬುತಗ್ಗಾಗಿದ್ದರೂ ತಳ ಮಾತ್ರ ಚಾಕುವಿನಲ್ಲಿ ಕೊಯ್ದಂತೆ ಸಪಾಟಾಗಿರುವುದು ಇದಕ್ಕೇ.

ಅಕ್ಟೋಬರಿನ ಆ ದಿನ 25ರಿಂದ 19.4 ಕಳೆದರೆ 5.6. ಗುಣಿಸು 125 ಅಂದರೆ 700 ಮೀಟರ್. ಕಣದ 1,050 ಕೂಡಿಸಿದರೆ 1,750. ಮುಳ್ಳಯ್ಯನಗಿರಿಯ ತುದಿ 1,930. ಲೆಕ್ಕ ಸರಿಯಿದ್ದರೆ ಬೆಟ್ಟದ ತಲೆ 180 ಮೀಟರಿನಷ್ಟು ಮೋಡದೊಳಗೆ ಇರಬೇಕು. ಹಾಳೆಯಿಂದ ಕಣ್ಣೆತ್ತಿ ನೋಡಿದೆ. ಬೆಟ್ಟದ ತಲೆ ಕಾಣುತ್ತಿರಲಿಲ್ಲ. ಅದರ ಕೆಳಗೆ ಹುಲ್ಲಿನ ಇಳಿಜಾರು ಪೂರ್ತಿ ಬಿಸಿಲಲ್ಲಿತ್ತು.

ನಿಮ್ಮೂರಿನಲ್ಲಿ ಬೆಟ್ಟ ಇಲ್ಲದಿದ್ದರೆ ಲೆಕ್ಕ ಮಾಡಿ, ಆದರೆ ತಾಳೆ ನೋಡುವುದು ಕಷ್ಟ. ಬೆಟ್ಟ ಇದ್ದವರು ಬಿಡಬೇಡಿ. ಇನ್ನೊಂದು ಮಾತು, ಈ 125ರ ಲೆಕ್ಕ ಮಧ್ಯಾಹ್ನ 11ರಿಂದ 3ರ ಒಳಗೆ, ಬಿಸಿಲು ಬಿದ್ದು ಹುಟ್ಟುವ ಮೋಡಗಳಿಗೆ ಮಾತ್ರ. ಜುಲೈಯಲ್ಲಿ ಆಕಾಶದ ತುಂಬ ಹಾಸಿಕೊಳ್ಳುವ ಮಳೆಮೋಡಕ್ಕೆ ಇದು ಹೊಂದುವುದಿಲ್ಲ. ತುಂಬ ಎತ್ತರದಲ್ಲಿ ನೂಲಿನ ಎಳೆಯ ಹಾಗೆ ಕಾಣುವ ಮೋಡಗಳಿಗೂ ನಮ್ಮ ಅಂಗಳದ ಗಾಳಿಗೂ ಸಂಬಂಧವೇ ಇಲ್ಲ. ಬೆಳಗಿನ ಜಾವವೂ ಬೇಡ. ಆಗ ನೆಲದ ಹತ್ತಿರದ ಗಾಳಿ ಮಾತ್ರ ತಣ್ಣಗಾಗಿರುತ್ತದೆ. ವ್ಯತ್ಯಾಸ ಸೊನ್ನೆ ಬಂದರೆ ಕಣಿವೆಯಲ್ಲಿ ಮಂಜು ಕೂತಿದೆ ಅಂತ ಅರ್ಥ. ಮಂಜೂ ನೆಲಕ್ಕೆ ತಾಗಿದ ಮೋಡವೇ.

ಇಬ್ಬನಿ ಬಿಂದು ಮುಟ್ಟಿದರೆ ಸಾಕಾ? ಸಾಲದು. ಇದನ್ನು ಮಕ್ಕಳ ಜೊತೆ ಮಾಡಿ ನೋಡಿ. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಗೆ ಎರಡು ಚಮಚ ಬೆಚ್ಚನೆ ನೀರು ಹಾಕಿ ಅಲ್ಲಾಡಿಸಿ, ಮುಚ್ಚಳ ಬಿಗಿ ಮಾಡಿ. ಬಲವಾಗಿ ಅದುಮಿ, ತಟ್ಟನೆ ಬಿಡಿ. ಹೆಚ್ಚೇನೂ ಕಾಣುವುದಿಲ್ಲ. ಈಗ ಮುಚ್ಚಳ ತೆಗೆದು, ಆರಿಸಿದ ಬೆಂಕಿಕಡ್ಡಿಯ ಹೊಗೆ ಸ್ವಲ್ಪ ಒಳಗೆ ಬಿಟ್ಟು ಮತ್ತೆ ಮುಚ್ಚಿ. ಐದಾರು ಸಲ ಅದುಮಿ ಬಿಡಿ. ಬಿಟ್ಟಾಗ ಒಳಗೆ ಬೆಳ್ಳಗೆ ಮೋಡ, ಅದುಮಿದರೆ ಮಾಯ. ಬಿಟ್ಟಾಗ ಗಾಳಿ ಹಿಗ್ಗಿ ತಣ್ಣಗಾಯಿತು. ಹೊಗೆಯ ಕಣಗಳು ಸಿಕ್ಕಿದ್ದರಿಂದ ನೀರಾವಿಗೆ ಕೂರಲು ಜಾಗ ಸಿಕ್ಕಿತು. ಆಕಾಶದಲ್ಲಿ ಆ ಜಾಗ ಕೊಡುವುದು ಕಡಲಿನ ಉಪ್ಪು, ಮಣ್ಣಿನ ಧೂಳು, ಒಲೆಯ ಹೊಗೆ. 1880ರ ದಶಕದಲ್ಲಿ ಸ್ಕಾಟ್ಲೆಂಡಿನ ಜಾನ್ ಐಟ್ಕೆನ್ ಈ ಕಣಗಳ ಮೇಲೆ ಪ್ರಯೋಗ ಮಾಡಿ, ಅವನ್ನು ಎಣಿಸುವ ಉಪಕರಣವನ್ನೂ ಕಟ್ಟಿದರು. ಅತ್ತೆಯ ಉಪ್ಪಿನ ಡಬ್ಬಿಯಲ್ಲಿ ಆದದ್ದೂ ಆಕಾಶದಲ್ಲಿ ಆಗುವುದೂ ಒಂದೇ ಕೆಲಸ.

ಹೀಗೆ ಹುಟ್ಟುವ ಮೋಡದ ಹನಿ ಮಿಲಿಮೀಟರಿನ ಐವತ್ತನೇ ಒಂದು ಪಾಲಿನಷ್ಟು ಸಣ್ಣದು. ಅಂಥ ಹತ್ತು ಲಕ್ಷ ಹನಿ ಕೂಡಿದರೆ ಒಂದು ಮಳೆ ಹನಿ. ಅದಕ್ಕೇ ಮೋಡ ಬಂದಾಗೆಲ್ಲ ಮಳೆ ಬರುವುದಿಲ್ಲ.

ಬೆಳೆಗಾರರು ಈ ಲೆಕ್ಕವನ್ನು ಫೆಬ್ರವರಿ ಕೊನೆಯಿಂದ ದಿನಾ ಮಾಡಿ ಅಂತ ನಾನು ಹೇಳುತ್ತೇನೆ. ಹೂ ಮಳೆಗೆ, ಅಂದರೆ ಕಾಫಿ ಗಿಡ ಹೂ ಬಿಡಲು ಬೇಕಾದ ಮಳೆಗೆ, ಎಲ್ಲರೂ ಕಾಯುವ ಸಮಯ ಅದು. ಫೆಬ್ರವರಿಯಲ್ಲಿ ನಮ್ಮ ಕಣದಲ್ಲಿ ಮಧ್ಯಾಹ್ನ 29 ಡಿಗ್ರಿ, ಇಬ್ಬನಿ ಬಿಂದು 12. ವ್ಯತ್ಯಾಸ 17 ಅಂದರೆ ಮೋಡ ಹುಟ್ಟಿದರೂ ಕಣದಿಂದ 2,100 ಮೀಟರಿಗೂ ಮೇಲೆ. ಆಕಾಶ ಬೋಳಾಗಿರುತ್ತದೆ. ಕಳೆದ ಮಾರ್ಚಿನಲ್ಲಿ ಲೋಟ ಬೆವರುವ ಅಂಕಿ 11, 12 ಅಂತ ಹತ್ತು ದಿನ ಕದಲಲಿಲ್ಲ. ಆಮೇಲೆ 14 ಆಯಿತು, ಮಾರನೇ ದಿನ 16, ಅದರ ಮಾರನೇ ದಿನ 18. ಬಿಸಿಲು ಅಷ್ಟೇ ಇತ್ತು, ಆದರೆ ಗಾಳಿಯಲ್ಲಿ ನೀರು ಬಂದಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ಬೆಟ್ಟದ ಆಚೆ ಮೋಡ ಗೋಪುರದ ಹಾಗೆ ಎದ್ದಿತು. ರಾತ್ರಿ ಗುಡುಗು. ಬೆಳಿಗ್ಗೆ ಮಳೆಮಾಪಕ ನೋಡಿ ಬರೆದೆ: ಒಂದು ಇಂಚು ಇಪ್ಪತ್ತು ಸೆಂಟು. ಪಕ್ಕದ ಗೆರೆಯಲ್ಲಿ 18. ಒಂಬತ್ತನೇ ದಿನ ತೋಟ ಬೆಳ್ಳಗೆ ಹೂ ಬಿಟ್ಟಿತು.