ಜೇನ್ನೊಣದ ಮೈಮೇಲಿನ ಪರಾಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಬಗೆ

ಚಿಂತಾಮಣಿ, ಶ್ರೀನಿವಾಸಪುರದ ಕಡೆ ಬೆಳಗ್ಗೆ ಹೊಲದ ಬದುವಿನ ಕುಂಬಳದ ಬಳ್ಳಿಯ ಬಳಿ ನಿಂತರೆ, ಹಿಂಗಾಲುಗಳಲ್ಲಿ ಹಳದಿ ಉಂಡೆ ಕಟ್ಟಿಕೊಂಡು ಹೂವಿನಿಂದ ಹೊರಬರುವ ತುಡುವೆ ಜೇನು ಕಣ್ಣಿಗೆ ಬೀಳುತ್ತದೆ. ಪರಾಗಸ್ಪರ್ಶಕ್ಕೆ ಆ ಉಂಡೆಯೇ ಕಾರಣವೆಂದು ಹಲವರು ತಿಳಿದಿದ್ದಾರೆ. ವಾಸ್ತವವಾಗಿ ಅದು ಮಕರಂದದಲ್ಲಿ ಕಲಸಿ ಒತ್ತಿ, ಗೂಡಿನ ಮರಿಗಳಿಗೆ ಒಯ್ಯುವ ಬುತ್ತಿ. ಅದರಿಂದ ಮುಂದಿನ ಹೂವಿಗೆ ಸಿಗುವುದು ತೀರ ಕಡಿಮೆ. ಕಾಯಿ ಕಟ್ಟಿಸುವುದು ನೊಣದ ಎದೆ ಮತ್ತು ಹೊಟ್ಟೆಯ ರೋಮಗಳಲ್ಲಿ ಸಿಕ್ಕಿಕೊಂಡ ಒಣ ಪುಡಿ. ಈ ವ್ಯತ್ಯಾಸವನ್ನು ಶಾಲೆಯ ಸಾಮಾನ್ಯ ಸೂಕ್ಷ್ಮದರ್ಶಕದಲ್ಲೇ ಕಾಣಬಹುದು.

ಮೊದಲು ಹೂಗಳ ಪರಾಗವನ್ನು ಗುರುತಿಸಲು ಕಲಿಯಬೇಕು. ಕುಂಬಳದ ಹೂ ಮಧ್ಯಾಹ್ನದೊಳಗೆ ಬಾಡುವುದರಿಂದ ಬೆಳಗ್ಗೆಯೇ ಗಂಡು ಹೂವನ್ನು ತಂದು, ಅದರ ಕೇಸರವನ್ನು ಸ್ಲೈಡಿಗೆ ಮೆಲ್ಲಗೆ ತಾಗಿಸಿ. ಪರಾಗದ ಮೇಲಿನ ಎಣ್ಣೆಯಂಶ ಹೋಗಲು ಒಂದು ಹನಿ ಸರ್ಜಿಕಲ್ ಸ್ಪಿರಿಟ್ ಬಿಟ್ಟು, ಅದು ಆರಿದ ಮೇಲೆ ಔಷಧದ ಅಂಗಡಿಯಲ್ಲಿ ಸಿಗುವ ಗ್ಲಿಸರಿನ್ನಿನ ಒಂದು ಹನಿ ಹಾಕಿ ಕವರ್ ಸ್ಲಿಪ್ ಮುಚ್ಚಿ. ಬರಿಯ ನೀರು ಬೇಡ. ಕಣಗಳು ಉಬ್ಬಿ ಒಡೆಯಬಹುದು, ನನ್ನ ಮೊದಲ ಸ್ಲೈಡುಗಳು ಹಾಗೆಯೇ ಹಾಳಾದವು. ಪಕ್ಕದಲ್ಲಿ ನಿಮ್ಮದೇ ಒಂದು ತಲೆಗೂದಲನ್ನಿಟ್ಟು 100 ಪಟ್ಟು ಹಿಗ್ಗಿಸಿದರೆ, ಮೈತುಂಬ ಮುಳ್ಳಿರುವ ಕುಂಬಳದ ಕಣ ಕೂದಲಿಗಿಂತ ದಪ್ಪಗೆ ಕಾಣುತ್ತದೆ. ಸೂರ್ಯಕಾಂತಿಯ ಕಣಕ್ಕೂ ಮುಳ್ಳುಗಳಿವೆ, ಗಾತ್ರ ಮಾತ್ರ ಬಹಳ ಚಿಕ್ಕದು.

ನೊಣವನ್ನು ಕೊಲ್ಲುವ ಅಗತ್ಯ ಖಂಡಿತ ಇಲ್ಲ. ರಾತ್ರಿ ದೀಪಕ್ಕೆ ಬಂದು ಸತ್ತ ಹೆಜ್ಜೇನು ಬೆಳಗ್ಗೆ ಜಗಲಿಯ ಮೇಲೆ ಬಿದ್ದಿರುತ್ತದೆ. ಹೂವಿನ ಬಳಿಯ ಜೇಡರ ಬಲೆಯಲ್ಲಿ ಸತ್ತ ನೊಣ ಇನ್ನೂ ಒಳ್ಳೆಯದು, ಏಕೆಂದರೆ ಗೂಡಿಗೆ ಮರಳದ ಅದರ ಮೈಯಲ್ಲಿ ಪುಡಿ ಉಳಿದಿರುವ ಸಂಭವ ಹೆಚ್ಚು. ಸತ್ತ ನೊಣದ ಕೊಂಡಿಯೂ ಚುಚ್ಚುತ್ತದೆ, ಚಿಮಟದಿಂದಲೇ ಹಿಡಿಯಿರಿ.

ಹಿಂಗಾಲನ್ನು ಬಿಡಿಸಿ, ಮೇಲಿನಿಂದ ಮೊಬೈಲಿನ ಟಾರ್ಚ್ ಬಿಟ್ಟು 40 ಪಟ್ಟಿನಲ್ಲಿ ನೋಡಿ. ಕಾಲಿನ ಹೊರಮೈ ನುಣುಪಾಗಿ ತುಸು ತಗ್ಗಾಗಿದ್ದು, ಅಂಚಿನ ಉದ್ದ ರೋಮಗಳು ಒಳಕ್ಕೆ ಬಾಗಿ ಬುಟ್ಟಿಯ ಆಕಾರ ಕೊಟ್ಟಿರುತ್ತವೆ. ನಡುವಿನ ಒಂದೇ ಒಂದು ಗಡುಸು ರೋಮ ಉಂಡೆ ಜಾರದಂತೆ ಗೂಟದ ಹಾಗೆ ಹಿಡಿಯುತ್ತದೆ.

ಬಳಿಕ ಎದೆಯ ಒಂದು ಚಿಟಿಕೆ ರೋಮವನ್ನು ಕಿತ್ತು, ಗ್ಲಿಸರಿನ್ನಿನಲ್ಲಿಟ್ಟು 100ರಲ್ಲಿ ಹುಡುಕಿ 400ಕ್ಕೆ ಏರಿಸಿ. ಇಲ್ಲಿ ಆತುರ ಬೇಡ, ಫೋಕಸ್ ತಿರುಪನ್ನು ಕೂದಲೆಳೆಯಷ್ಟೇ ತಿರುಗಿಸಿ. ಪ್ರತಿ ರೋಮವೂ ಹಕ್ಕಿಯ ಗರಿಯಂತೆ ಕವಲೊಡೆದಿರುತ್ತದೆ, ಆ ಕವಲುಗಳ ನಡುವೆ ಮುಳ್ಳಿನ ಕಣಗಳು ಬಿಡಿಬಿಡಿಯಾಗಿ ಕುಳಿತಿರುತ್ತವೆ. ಮೊದಲು ಮಾಡಿಟ್ಟ ಸ್ಲೈಡುಗಳೊಂದಿಗೆ ಹೋಲಿಸಿದರೆ ಆ ನೊಣ ಯಾವ ಹೂಗಳಿಗೆ ಹೋಗಿತ್ತೆಂದು ಹೇಳಬಹುದು.

ಸುತ್ತ ಟೊಮೆಟೊ ತೋಟವಿದ್ದರೂ ಜೇನ್ನೊಣದಲ್ಲಿ ಅದರ ಕಣ ಸಿಗದಿದ್ದರೆ ಅಚ್ಚರಿಪಡಬೇಡಿ. ಆ ಹೂವಿನಲ್ಲಿ ಮಕರಂದವಿಲ್ಲ, ಕೇಸರಗಳು ಕೊಳವೆಯಂತೆ ಕೂಡಿಕೊಂಡಿರುವುದರಿಂದ ಪುಡಿ ತುದಿಯಿಂದಷ್ಟೇ ಉದುರುತ್ತದೆ; ಮರ ಕೊರೆಯುವ ಕಪ್ಪು ದುಂಬಿಯಂಥವು ಹೂವನ್ನು ಅಪ್ಪಿ ಮೈ ಅದುರಿಸಿ ಅದನ್ನು ಉದುರಿಸಿಕೊಳ್ಳುತ್ತವೆ, ಜೇನ್ನೊಣಕ್ಕೆ ಆ ವಿದ್ಯೆ ಇಲ್ಲ. ಹೂವಿನ ಕೆಳಗೆ ಸ್ಲೈಡ್ ಹಿಡಿದು, ಶಾಲೆಯ ಶ್ರುತಿಕವೆಯನ್ನು (ಬಡಿದಾಗ ಅದುರುವ ಲೋಹದ ಕವೆ, ಟ್ಯೂನಿಂಗ್ ಫೋರ್ಕ್) ಬಡಿದು ಹೂವಿಗೆ ತಾಗಿಸಿದರೆ ಗಾಜಿನ ಮೇಲೆ ಬಿಳಿಯ ಪುಡಿ ತೆಳ್ಳಗೆ ಬೀಳುತ್ತದೆ.