ರಡ್ಡರ್ ಇಲ್ಲದೆ ಉದ್ದ ರೆಕ್ಕೆಯ ಮಾಡೆಲ್ ವಿಮಾನ ತಿರುಗಿಸಿದ್ದು: ನನ್ನ ಅನುಭವ

ರೇಡಿಯೋದಿಂದ ಹಾರಿಸುವ ಮಾಡೆಲ್ ವಿಮಾನ, ಒಂದೂಮುಕ್ಕಾಲು ಮೀಟರ್ ರೆಕ್ಕೆ. ರಡ್ಡರ್ ಇಲ್ಲ. ರಡ್ಡರ್ ಅಂದರೆ ಬಾಲದಲ್ಲಿ ನೆಟ್ಟಗೆ ನಿಂತು ಮೂಗನ್ನು ಎಡ-ಬಲಕ್ಕೆ ತಿರುಗಿಸುವ ಹಲಗೆ. ಮಿಕ್ಸಿಂಗ್ (ಒಂದೇ ಸ್ಟಿಕ್ಕಿಗೆ ಎರಡು ಭಾಗಗಳನ್ನು ಬೇಕಾದ ಅಳತೆಯಲ್ಲಿ ಆಡಿಸುವ ಸೌಲಭ್ಯ) ಇಲ್ಲದ ಹಳೇ ನಾಲ್ಕು ಚಾನೆಲ್ ರೇಡಿಯೋ. ಇದು ನೆಟ್ಟಗೆ ತಿರುಗಲ್ಲ ಅಂತ ಜೊತೆಯಲ್ಲಿ ಹಾರಿಸುವವರೆಲ್ಲ ಹೇಳಿದ್ದರು. "1902ರ ಗ್ಲೈಡರಿಗೆ ರೈಟ್ ಸಹೋದರರೇ ತಿರುಗುವ ರಡ್ಡರ್ ಹಾಕಿ, ರೆಕ್ಕೆ ತಿರುಚುವ ತಂತಿಗೆ ಜೋಡಿಸಬೇಕಾಯ್ತು, ನಿನಗೆ ಬೇಡವಾ?" ಅಂತ ಒಬ್ಬರು ಕೇಳಿದರು. ನನ್ನ ವಿಮಾನ ಈಗ ಸುಮಾರು ಅರವತ್ತು ಸಲ ಹಾರಿದೆ. ಎಂಟರ ಆಕಾರ ಹಾಕಿಸಿದರೂ ಮೂಗು ಹೋಗಬೇಕಾದ ಕಡೆಗೇ ಹೋಗುತ್ತದೆ.

ರಡ್ಡರ್ ಬಿಟ್ಟಿದ್ದು ತೂಕಕ್ಕಾಗಿ. ಬಾಲದಲ್ಲಿ 9 ಗ್ರಾಮಿನ ಒಂದು ಸರ್ವೋ (ರೇಡಿಯೋ ಹೇಳಿದಂತೆ ತಿರುಗುವ ಪುಟ್ಟ ಮೋಟರ್) ಕೂರಿಸಿದರೆ, ಸಿ.ಜಿ. (ವಿಮಾನದ ತೂಕ ಸಮತೋಲವಾಗುವ ಜಾಗ) ಸರಿ ಮಾಡಲು ಮೂಗಿಗೆ ಇಪ್ಪತ್ತೈದು ಗ್ರಾಂ ಸೀಸ ಹಾಕಬೇಕಾಗುತ್ತಿತ್ತು. ಸುಮ್ನೆ ಹೊರುವ ಸೀಸ ನನಗೆ ಆಗಲ್ಲ.

ತೊಂದರೆ ಏನು ಅಂತ ನಿಮಗೆ ಗೊತ್ತೇ ಇದೆ. ಎಡಕ್ಕೆ ಸ್ಟಿಕ್ ಕೊಟ್ಟರೆ ರೆಕ್ಕೆ ಎಡಕ್ಕೆ ವಾಲುತ್ತದೆ, ಮೂಗು ಮಾತ್ರ ಮೊದಲು ಬಲಕ್ಕೆ ಹೋಗುತ್ತದೆ. ಬಲಗಡೆ ಕೆಳಗಿಳಿದ ಏಲೆರಾನ್ (ರೆಕ್ಕೆಯ ಹಿಂದಂಚಿನ ಅಲ್ಲಾಡುವ ಹಲಗೆ; ಒಂದು ಕಡೆಯದು ಮೇಲೇಳುವಾಗ ಇನ್ನೊಂದು ಕಡೆಯದು ಕೆಳಗಿಳಿಯುತ್ತದೆ) ಲಿಫ್ಟ್ (ಎತ್ತುವ ಬಲ) ಜೊತೆಗೆ ಡ್ರ್ಯಾಗ್ (ಗಾಳಿಯ ತಡೆ) ಕೂಡ ತರುತ್ತದಲ್ವಾ, ಅದು ಆ ರೆಕ್ಕೆಯನ್ನು ಹಿಂದಕ್ಕೆ ಎಳೆಯುತ್ತದೆ. ರೆಕ್ಕೆ ಉದ್ದ ಆದಷ್ಟೂ ಈ ಎಳೆತ ಜಾಸ್ತಿ.

ಮೊದಲನೆಯ ವಿಮಾನ ಇದಕ್ಕೇ ಹೋಯಿತು. ಇಳಿಸಲು ನಿಧಾನವಾಗಿ ಬರುತ್ತಿದ್ದೆ. ಎಡ ರೆಕ್ಕೆ ಜಗ್ಗಿತು. ಎತ್ತೋಣ ಅಂತ ಪೂರ್ತಿ ಬಲಕ್ಕೆ ಸ್ಟಿಕ್ ಕೊಟ್ಟೆ. ಎಡ ಏಲೆರಾನ್ ಕೆಳಗಿಳಿದದ್ದೇ ಆ ತುದಿ ಸ್ಟಾಲ್ ಆಯಿತು (ಎತ್ತುವ ಬಲ ಕಳೆದುಕೊಂಡಿತು), ವಿಮಾನ ಸುತ್ತಿಕೊಂಡು ಮೂಗು ಕೆಳಗಾಗಿ ಬಿತ್ತು. ಮೋಟರ್ ಶಾಫ್ಟ್ ಬಾಗಿತು, ಬ್ಯಾಟರಿ ಜಜ್ಜಿಹೋಯಿತು. ಫೋಮ್ ಬೋರ್ಡ್ ಖರ್ಚು ಏನೂ ಅಲ್ಲ, ಬ್ಯಾಟರಿ ಹೋದದ್ದು ಮಾತ್ರ ಹೊಟ್ಟೆ ಉರಿಸಿತು. ಆ ವರ್ಷ ಸುರಿದ ದುಡ್ಡು ಕೂಡಿಸಿದರೆ ಮಿಕ್ಸಿಂಗ್ ಇರುವ ಒಳ್ಳೆಯ ರೇಡಿಯೋನೇ ಬರುತ್ತಿತ್ತು. ಆದರೆ ಆ ಹೊತ್ತಿಗೆ ಹಟ ಹಿಡಿದಿತ್ತು.

ಪರಿಹಾರ ಸರ್ವೋ ಆರ್ಮಿನಲ್ಲೇ (ಸರ್ವೋದ ತಿರುಗುವ ತೋಳಿನಲ್ಲೇ) ಇತ್ತು. ಏಲೆರಾನ್ ಮೇಲಕ್ಕೆ ಜಾಸ್ತಿ, ಕೆಳಕ್ಕೆ ಕಡಿಮೆ ಹೋಗಬೇಕು, ಅಷ್ಟೇ. ರೆಕ್ಕೆಗೊಂದರಂತೆ ಎರಡು ಸರ್ವೋ, ಎರಡಕ್ಕೂ ಒಂದೇ ವೈ ಕೇಬಲ್ (ಒಂದೇ ಸಂಕೇತವನ್ನು ಎರಡಕ್ಕೂ ಹಂಚುವ ಕವಲು ತಂತಿ). ನನ್ನ ಸರ್ವೋ, ಹಾರ್ನ್ (ಏಲೆರಾನಿಗೆ ಕೂರಿಸಿದ ಕೊಂಬು) ಎರಡೂ ರೆಕ್ಕೆಯ ತಳದಲ್ಲಿವೆ; ಅವೆರಡನ್ನು ಸೇರಿಸುವ ಕಡ್ಡಿಯೇ ಪುಶ್‌ರಾಡ್. ಪುಶ್‌ರಾಡ್ ಹಿಂದಕ್ಕೆ ತಳ್ಳಿದರೆ ಏಲೆರಾನ್ ಮೇಲೇಳುತ್ತದೆ. ಸ್ಟಿಕ್ ನಡುವಿನಲ್ಲಿದ್ದಾಗ ಆರ್ಮನ್ನು ನೆಟ್ಟಗೆ ನಿಲ್ಲಿಸದೆ ರೆಕ್ಕೆಯ ಮುಂದಂಚಿನ ಕಡೆ ವಾಲಿಸಿದೆ. ಆಗ ಹಿಂದಕ್ಕೆ ತಿರುಗುವಾಗ ರಾಡ್ ಉದ್ದಕ್ಕೆ ಸರಿಯುತ್ತದೆ. ಮುಂದಕ್ಕೆ ತಿರುಗುವಾಗ ಆರ್ಮ್ ರಾಡಿನ ಗೆರೆಗೇ ಬರುವುದರಿಂದ ಎಳೆತ ಸ್ವಲ್ಪವೇ.

ಮೊದಲ ಸಲ ಉಲ್ಟಾ ಹಾಕಿದೆ. ಹಳೇ ವಿಮಾನದಲ್ಲಿ ಸರ್ವೋ ರೆಕ್ಕೆಯ ಮೇಲಿತ್ತು, ಅದೇ ಲೆಕ್ಕದಲ್ಲಿ ಎರಡೂ ಆರ್ಮುಗಳನ್ನು ಹಿಂದಕ್ಕೆ ವಾಲಿಸಿದ್ದೆ. ಕೆಳಕ್ಕೆ ಜಾಸ್ತಿ, ಮೇಲಕ್ಕೆ ಕಡಿಮೆ ಆಯಿತು. ಎಡಕ್ಕೆ ಕೊಟ್ಟರೆ ಮೂಗು ಬಲಕ್ಕೆ ಹೋಗಿ ಅಲ್ಲೇ ನಿಂತಿತು. ಎತ್ತರ ಇತ್ತು ಅಂತ ಉಳಿಯಿತು.

ಆಮೇಲೆ ಆರ್ಮನ್ನು ಮುಂದಂಚಿನ ಕಡೆಗೆ, ಸರ್ವೋ ಶಾಫ್ಟಿನ ಒಂದೊಂದೇ ಹಲ್ಲಿನಷ್ಟು ಸರಿಸುತ್ತಾ ಹೋದೆ. ಸರ್ವೋದ ಒಂದು ಹಲ್ಲು ಅಂದರೆ ಹದಿನೇಳು ಡಿಗ್ರಿ ಹತ್ತಿರ. ಒಂದು ಹಲ್ಲಿಗೆ ಅಂಥಾ ವ್ಯತ್ಯಾಸ ಕಾಣಲಿಲ್ಲ. ಎರಡು ಹಲ್ಲಿಗೆ ಮೇಲೆ 15 ಮಿ.ಮೀ., ಕೆಳಗೆ 9 ಬಂತು, ಮೂಗಿನ ಅಲುಗಾಟ ಅರ್ಧ ಕಡಿಮೆ ಆಯಿತು. ಮೂರು ಹಲ್ಲಿಗೆ ಮೇಲೆ 14, ಕೆಳಗೆ 6. ಆಗ ತಿರುಗಿತು ನೋಡಿ! ಸ್ಟಿಕ್ ಕೊಟ್ಟ ಕೂಡಲೇ ರೆಕ್ಕೆ, ಮೂಗು ಎರಡೂ ಒಟ್ಟಿಗೆ. ನಾಲ್ಕಕ್ಕೆ ಹೋಗಬೇಡಿ. ಆರ್ಮ್ ರಾಡಿನ ಗೆರೆ ದಾಟಿದರೆ ಏಲೆರಾನ್ ಕೆಳಗಿಳಿಯುವ ಬದಲು ವಾಪಸ್ ಮೇಲೆ ಬರುತ್ತದೆ.

ಹಾರ್ನಿನ ತೂತು ಮಾತ್ರ ಬಿಗಿಯಾಗಿರಲಿ. ಕೆಳಗೆ ಹೋಗುವುದೇ 6 ಮಿ.ಮೀ. ಇರುವಾಗ ಒಂದು ಮಿ.ಮೀ. ಸಡಿಲ ಇದ್ದರೂ ಲೆಕ್ಕ ಕೆಡುತ್ತದೆ. ನನ್ನ ತೂತುಗಳಲ್ಲಿ ಏನು ಹಾಕಿ ಸಡಿಲ ತೆಗೆದಿದ್ದೇನೆ ಅನ್ನೋದು ನನ್ನಲ್ಲೇ ಇರಲಿ. ಹಿಂಜ್ ಸಂದು ಮುಚ್ಚುವ ಟೇಪ್ ಯಾವುದು ಅನ್ನೋದೂ ಅಷ್ಟೇ.

ನಡುವೆ ಇನ್ನೊಂದು ಹುಚ್ಚು ಹಿಡಿದಿತ್ತು. ವೈ ಕೇಬಲ್ ತೆಗೆದು, ಮಿಕ್ಸಿಂಗ್ ಇರುವ ರೇಡಿಯೋ ಒಂದನ್ನು ಗೆಳೆಯರಿಂದ ಎರವಲು ತಂದು, ಎರಡೂ ಏಲೆರಾನ್ ಒಟ್ಟಿಗೆ ಇಳಿಸಿ ಫ್ಲಾಪ್ (ಇಳಿಯುವಾಗ ವೇಗ ತಗ್ಗಿಸುವ ರೆಕ್ಕೆಯ ಹಲಗೆ) ಥರ ಬಳಸಿದೆ. ವಿಮಾನ ನಿಧಾನ ಆಯಿತು ನಿಜ, ಆದರೆ ಹಳೇ ರೋಗ ಮರಳಿ ಬಂತು, ತುದಿ ಬೇರೆ ಬೇಗ ಸ್ಟಾಲ್ ಆಗುತ್ತಿತ್ತು. ಎರಡೂ ಸ್ವಲ್ಪ ಮೇಲೆತ್ತಿ ನೋಡಿದೆ. ಬೇಗ ಇಳಿಯಿತು, ತುದಿಗಳೂ ಗಟ್ಟಿ ನಿಂತವು. ಅಲ್ಲಿಂದ ಪಾಠ ಕಲಿತು ರೆಕ್ಕೆಯ ತುದಿಯನ್ನೇ ಎರಡು ಡಿಗ್ರಿಯಷ್ಟು ತಿರುಚಿದೆ, ಹಿಂದಂಚು ಮೇಲಕ್ಕೆ. ಖರ್ಚಿಲ್ಲದ ಕೆಲಸ.

ತೀರಾ ನಿಧಾನಕ್ಕೆ ಹಾರಿಸಿದಾಗ ಮೂಗು ಇನ್ನೂ ಒಂದು ಕ್ಷಣ ಹಿಂಜರಿಯುತ್ತದೆ. ಮುಂದಿನ ವಿಮಾನಕ್ಕೆ ಎರಡು ಮೀಟರ್ ರೆಕ್ಕೆಯ ಸ್ಪಾರ್ (ರೆಕ್ಕೆಯ ಒಳಗಿನ ಉದ್ದ ತೊಲೆ) ಆಗಲೇ ಕತ್ತರಿಸಿಟ್ಟಿದ್ದೇನೆ. ಅದಕ್ಕೂ ರಡ್ಡರ್ ಇಲ್ಲ.